ಸತ್ರೆ 40 ಪರ್ಸೆಂಟ್ ಸರ್ಕಾರಕ್ಕಾ? ತಿಪಟೂರಿನ ತೋಟ, ಇಲ್ಲಿನ ಮನೆ, ಮತ್ತೆ ವಿಲ್ಲು

ತಮ್ಮಾ, ನೀನು ಕೇಳಿದ್ದು ಎರಡು ಪ್ರಶ್ನೆ. ಒಂದು, ಇಲ್ಲಿ ಬ್ರಿಟನ್ನಲ್ಲಿ ಸತ್ರೆ ಆಸ್ತಿಯಲ್ಲಿ 40 ಪರ್ಸೆಂಟ್ ಸರ್ಕಾರ ಕಿತ್ಕೊಳ್ಳುತ್ತೆ ಅಂತ ಆಫೀಸಲ್ಲಿ ಯಾರೋ ಹೇಳಿದ್ರು, ಹಾಗಿದ್ಮೇಲೆ ಇಲ್ಲಿ ಮನೆ ಯಾಕೆ ತಗೋಬೇಕು ಅಂತ. ಇನ್ನೊಂದು, ತಿಪಟೂರಲ್ಲಿ ಅಪ್ಪನ ಹೆಸರಲ್ಲಿರೋ ತೆಂಗಿನ ತೋಟ ನಾಳೆ ನಿನ್ನ ಪಾಲಿಗೆ ಬಂದ್ರೆ ಇಲ್ಲಿ ಟ್ಯಾಕ್ಸ್ ಬೀಳುತ್ತಾ ಅಂತ.

ತೋಟದ್ದು ಮೊದಲು ಹೇಳ್ಬಿಡ್ತೀನಿ. ಆಫೀಸಿನವರು ಹೇಳಿದ್ದು ಇಲ್ಲಿನ ಇನ್ಹೆರಿಟೆನ್ಸ್ ಟ್ಯಾಕ್ಸ್ ಬಗ್ಗೆ, ಅದರ ಲೆಕ್ಕ ಹಾಕೋದು ತೀರಿಕೊಂಡವರ ಆಸ್ತಿ ಮೇಲೆ, ಪಡ್ಕೊಂಡವರ ಮೇಲಲ್ಲ. ನಿಮ್ಮಪ್ಪ ಜೀವಮಾನ ಪೂರ್ತಿ ಊರಲ್ಲೇ ಇದ್ದವರು, ತೋಟಾನೂ ಅಲ್ಲೇ ಇದೆ, ಅದರಲ್ಲಿ ಇಲ್ಲಿನವರಿಗೆ ಏನೂ ಸೇರೋದಿಲ್ಲ. ಕಾಯಿ ಕೊಬ್ಬರಿ ಮಾರಿ ನಿನ್ನ ಕೈಗೆ ಬರೋ ದುಡ್ಡಿಗೆ ಇನ್ಕಮ್ ಟ್ಯಾಕ್ಸ್ ಅನ್ನೋದು ಬೇರೆ ಲೆಕ್ಕ, ಅದನ್ನ ಇದಕ್ಕೆ ಸೇರಿಸ್ಕೊಂಡು ತಲೆ ಕೆಡಿಸ್ಕೋಬೇಡ.

ಇನ್ನು 40 ಪರ್ಸೆಂಟ್. ಅದು ಇಡೀ ಆಸ್ತಿಗಲ್ಲ, ಮಿತಿ ದಾಟಿದ ಭಾಗಕ್ಕೆ ಮಾತ್ರ. ಪ್ರತಿಯೊಬ್ಬರಿಗೂ 3,25,000 ಪೌಂಡ್ ತನಕ ಟ್ಯಾಕ್ಸ್ ಇಲ್ಲ, ವಾಸದ ಮನೆ ಮಕ್ಕಳಿಗೋ ಮೊಮ್ಮಕ್ಕಳಿಗೋ ಹೋದ್ರೆ ಇನ್ನೂ 1,75,000 ಸೇರುತ್ತೆ, ಗಂಡ ಹೆಂಡ್ತಿ ಮಧ್ಯೆ ಸಾಮಾನ್ಯವಾಗಿ ಟ್ಯಾಕ್ಸೇ ಇಲ್ಲ, ಒಬ್ಬರು ಬಳಸದೆ ಉಳಿಸಿದ್ದು ಇನ್ನೊಬ್ಬರಿಗೆ ಬರುತ್ತೆ. ಅಂದ್ರೆ ಮಕ್ಕಳಿರೋ ದಂಪತಿಗೆ ಹತ್ತು ಲಕ್ಷ ಪೌಂಡ್ ತನಕ ಚಿಂತೆ ಇಲ್ಲ. ಹೆಂಡ್ತಿ ಮೊದಲೇ ಹೋಗಿ, ಗಂಡ 8 ಲಕ್ಷದ ಮನೆ, 3 ಲಕ್ಷ ಉಳಿತಾಯ ಮಕ್ಕಳಿಗೆ ಬಿಟ್ಟು ತೀರಿಕೊಂಡ್ರೆ ಟ್ಯಾಕ್ಸ್ ಬೀಳೋದು ಆ ಮೇಲಿನ 1 ಲಕ್ಷಕ್ಕೆ, ಅಂದ್ರೆ 40 ಸಾವಿರ. ಕಡಿಮೆ ಅಂತಲ್ಲ, ಆದ್ರೆ ನಿನ್ನ ಆಫೀಸಿನವರು ಹೆದರಿಸಿದ ಹಾಗೂ ಅಲ್ಲ. 2022-23ರಲ್ಲಿ ಇಲ್ಲಿ ತೀರಿಕೊಂಡವರಲ್ಲಿ ಈ ಟ್ಯಾಕ್ಸ್ ಬಿದ್ದಿದ್ದು ನೂರಕ್ಕೆ ಐದಕ್ಕಿಂತ ಕಡಿಮೆ ಜನಕ್ಕೆ. ಮಕ್ಕಳಿಲ್ಲದವರಿಗೆ ಮಾತ್ರ ಆ 1,75,000 ಸಿಗಲ್ಲ, ಅಣ್ಣನ ಮಗನಿಗೆ ಬರೆದ್ರೆ ಲೆಕ್ಕಕ್ಕಿಲ್ಲ, ನನಗೆ ಅದು ಅನ್ಯಾಯ ಅಂತಲೇ ಅನ್ಸುತ್ತೆ.

ಹಾಗಾದ್ರೆ ಟಿವಿಲಿ ಇಷ್ಟು ಕೂಗಾಟ ಯಾಕೆ ಅಂತೀಯಾ? ಕಟ್ಟೋರು ಕಮ್ಮಿ, ಹೆದರೋರು ಜಾಸ್ತಿ, ವೋಟಿರೋದು ಹೆದರೋರ ಹತ್ರ. 2007ರಲ್ಲಿ ವಿರೋಧ ಪಕ್ಷದ ಜಾರ್ಜ್ ಆಸ್ಬರ್ನ್ ತಮ್ಮ ಪಾರ್ಟಿ ಸಮಾವೇಶದಲ್ಲಿ ಮಿತಿನ ಹತ್ತು ಲಕ್ಷಕ್ಕೆ ಏರಿಸ್ತೀವಿ ಅಂದಿದ್ದೇ ತಡ ಗಾಳಿ ಬದಲಾಯ್ತು, ಚುನಾವಣೆಗೆ ಸಿದ್ಧ ಆಗ್ತಿದ್ದ ಪ್ರಧಾನಿ ಗಾರ್ಡನ್ ಬ್ರೌನ್ ಹಿಂದೆ ಸರಿದ್ರು, ಕೆಲವೇ ದಿನದಲ್ಲಿ ಅವರದೇ ಸರ್ಕಾರದ ಹಣಕಾಸು ಮಂತ್ರಿ ಅಲಿಸ್ಟರ್ ಡಾರ್ಲಿಂಗ್ ಗಂಡ ಹೆಂಡ್ತಿ ಮಿತಿ ಸೇರಿಸ್ಕೋಬಹುದು ಅಂತ ಘೋಷಣೆ ಮಾಡಿದ್ರು. ಆದ್ರೆ ಆ 3,25,000 ಇದೆಯಲ್ಲ, ಅದು 2009ರಿಂದ ಒಂದು ಪೆನ್ನಿ ಏರಿಲ್ಲ, 2031ರ ತನಕ ಏರೋದೂ ಇಲ್ಲ. ಮನೆ ಬೆಲೆ ಮಾತ್ರ ಏರ್ತಾನೇ ಇದೆ. ಯಾವ ಪಾರ್ಟಿ ಬಂದ್ರೂ ಅಷ್ಟೇ, ರೇಟ್ ಮುಟ್ಟದೆ ಮಿತಿ ಹಾಗೇ ಬಿಟ್ರೆ ಖಜಾನೆ ತಾನಾಗೇ ತುಂಬುತ್ತೆ.

2024ರ ಅಕ್ಟೋಬರ್ ಬಜೆಟ್ಟಲ್ಲಿ ಆಗಿನ ಹಣಕಾಸು ಮಂತ್ರಿ ರೇಚಲ್ ರೀವ್ಸ್ ರೈತರ ಜಮೀನಿಗೆ ಈ ಟ್ಯಾಕ್ಸಿನಲ್ಲಿ ಇದ್ದ ಪೂರ್ತಿ ರಿಯಾಯಿತಿನ 10 ಲಕ್ಷ ಪೌಂಡಿಗೆ ನಿಲ್ಲಿಸ್ತೀವಿ ಅಂದಾಗ ಲಂಡನ್ನಿಗೆ ಟ್ರ್ಯಾಕ್ಟರ್ ನುಗ್ಗಿದ್ದು ನೋಡಿರ್ತೀಯ. ವರ್ಷ ಜಗ್ಗಾಡಿ ಕೊನೆಗೆ 2025ರ ಡಿಸೆಂಬರಲ್ಲಿ ಅದನ್ನ 25 ಲಕ್ಷಕ್ಕೆ ಏರಿಸಿದ್ರು. ನಮ್ಮ ತೋಟಕ್ಕೂ ಆ ಕೃಷಿ ರಿಯಾಯಿತಿ ಸಿಗುತ್ತಾ ಅಂತ ಕೇಳ್ಬೇಡ, ಸಿಗಲ್ಲ, 2024ರ ಏಪ್ರಿಲ್‌ನಿಂದ ಅದು ಈ ದೇಶದ ಜಮೀನಿಗೆ ಮಾತ್ರ.

ನಿನಗೆ ನಿಜವಾಗಿ ತಟ್ಟೋದು ಬೇರೆ. 2025ರ ಏಪ್ರಿಲ್ 6ರಿಂದ ಹಳೇ ನಾನ್-ಡಾಮ್ ಪದ್ಧತಿ ಹೋಯ್ತು, ಅಂದ್ರೆ ಇಲ್ಲಿದ್ರೂ ನನ್ನ ಖಾಯಂ ನೆಲೆ ಬೇರೆ ದೇಶ ಅಂತ ಹೇಳಿ ಹೊರದೇಶದ ದುಡ್ಡಿಗೆ ಇಲ್ಲಿ ಟ್ಯಾಕ್ಸ್ ಉಳಿಸ್ಕೊಳ್ಳೋ ಪದ್ಧತಿ. 2022ರಲ್ಲಿ ನಮ್ಮ ಅಕ್ಷತಾ ಮೂರ್ತಿ ಇನ್ಫೋಸಿಸ್ ಡಿವಿಡೆಂಡ್ ಬಗ್ಗೆ ಗಲಾಟೆ ಆಗಿದ್ದು ಅದೇ ಪದ್ಧತಿಯಿಂದ. ಈಗ ಹಿಂದಿನ 20 ಟ್ಯಾಕ್ಸ್ ವರ್ಷದಲ್ಲಿ 10 ವರ್ಷ ಇಲ್ಲಿ ರೆಸಿಡೆಂಟ್ ಆಗಿದ್ರೆ, ನಿನ್ನ ಕಾಲಾನಂತರ ಈ ಟ್ಯಾಕ್ಸ್ ಹಾಕೋವಾಗ ಪ್ರಪಂಚದಲ್ಲಿ ಎಲ್ಲೇ ನಿನ್ನ ಹೆಸರಲ್ಲಿ ಆಸ್ತಿ ಇರಲಿ ಅದು ಲೆಕ್ಕಕ್ಕೆ ಬರುತ್ತೆ, ಅಷ್ಟೊತ್ತಿಗೆ ಅಪ್ಪನಿಂದ ನಿನ್ನ ಹೆಸರಿಗೆ ಬಂದಿದ್ರೆ ಆ ತೋಟ, ಬೆಂಗಳೂರಿನ ಸೈಟು, ಲಾಕರಿನ ಚಿನ್ನ ಎಲ್ಲ ಸೇರಿ. ಆಮೇಲೆ ವಾಪಸ್ ಹೋದ್ರೂ ಕೆಲವು ವರ್ಷ ಬಾಲ ಬಿಡಲ್ಲ. ಸತ್ತವರ ಆಸ್ತಿಗೆ ಎರಡೂ ದೇಶದಲ್ಲಿ ಟ್ಯಾಕ್ಸ್ ಬೀಳದ ಹಾಗೆ ಇಂಡಿಯಾ ಜೊತೆ 1956ರ ಒಂದು ಹಳೇ ಒಪ್ಪಂದ ಇದೆ, ಇಂಡಿಯಾದಲ್ಲಿ ಇದೇ ಥರದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋದ್ರೂ ಒಪ್ಪಂದ ಇನ್ನೂ ಜೀವಂತ, ಕೆಲವರಿಗೆ ಅದರಿಂದ ಊರಿನ ಆಸ್ತಿ ಉಳಿಯುತ್ತೆ. ಆದ್ರೆ ಇಲ್ಲೇ ಖಾಯಂ ಆಗಿ ನೆಲೆಸಿದವರಿಗೆ ಅದನ್ನ ನೆಚ್ಕೊಳ್ಳೋದು ಕಷ್ಟ, ಬದುಕಿದ್ದಾಗ ಕೊಟ್ಟ ಗಿಫ್ಟಿಗಂತೂ ಅನ್ವಯಿಸಲ್ಲ. ವಾಟ್ಸಾಪ್ ಗ್ರೂಪಿನ ಮಾತು ನಂಬ್ಕೊಂಡು ಕೂರ್ಬೇಡ, ಹತ್ತು ವರ್ಷ ಹತ್ರ ಬಂದಾಗ ಇದನ್ನೇ ಮಾಡೋ ಅಡ್ವೈಸರ್ ಹತ್ರ ಹೋಗು.

ಇಲ್ಲಿನವರು ಇದನ್ನ ಹೇಗೆ ನಿಭಾಯಿಸ್ತಾರೆ ನೋಡು. ನಮ್ಮ ಪಕ್ಕದ ಮನೆ ಅಜ್ಜಿ ರಿಟೈರ್ಡ್ ಟೀಚರ್, ಅಡುಗೆ ಮನೆ ಡ್ರಾಯರಲ್ಲಿ ಒಂದು ನೀಲಿ ನೋಟ್‌ಬುಕ್ ಇಟ್ಟಿದ್ದಾರೆ. ಎಡಗಡೆ ಪೆನ್ಷನ್ ಎಷ್ಟು ಬಂತು, ಮಧ್ಯೆ ಕೌನ್ಸಿಲ್ ಟ್ಯಾಕ್ಸು, ಗ್ಯಾಸು, ದಿನಸಿ, ಬಲಗಡೆ ಮೊಮ್ಮಕ್ಕಳ ಅಕೌಂಟಿಗೆ ತಿಂಗಳು ತಿಂಗಳು ಹೋಗೋ ದುಡ್ಡು. ದೊಡ್ಡ ಗಿಫ್ಟ್ ಕೊಟ್ಟು ಏಳು ವರ್ಷ ಬದುಕಿದ್ರೆ ಟ್ಯಾಕ್ಸ್ ಇಲ್ಲ, ವರ್ಷಕ್ಕೆ 3,000 ಪೌಂಡ್ ಹೇಗೂ ಫ್ರೀ, ಇದೆಲ್ಲ ಎಲ್ಲರಿಗೂ ಗೊತ್ತು. ಆದ್ರೆ ಆದಾಯದಲ್ಲಿ ಖರ್ಚು ಕಳೆದು ಉಳಿದಿದ್ದನ್ನ ತಪ್ಪದೆ ಕೊಡ್ತಾ ಬಂದ್ರೆ, ತಮ್ಮ ಜೀವನಕ್ಕೆ ಕೊರತೆ ಆಗದಿದ್ರೆ, ಅದಕ್ಕೆ ಏಳು ವರ್ಷನೂ ಇಲ್ಲ ಮಿತಿನೂ ಇಲ್ಲ, ಬರೆದಿಟ್ಟ ಲೆಕ್ಕ ಇರಬೇಕು ಅಷ್ಟೇ. ಅಜ್ಜಿ ಮಕ್ಕಳನ್ನ ಕೂರಿಸ್ಕೊಂಡು ವಿಲ್ ಎಲ್ಲಿದೆ, ಯಾರಿಗೆ ಏನು ಅಂತ ಊಟದ ಟೇಬಲ್ಲಲ್ಲೇ ಹೇಳ್ತಾರೆ. ನಮ್ಮಲ್ಲಿ ಬಾಯ್ಬಿಟ್ರೆ ಸಾಕು, "ಬಿಡ್ತು ಅನ್ನು" ಅಂತಾರೆ, ಮಾತು ಅಲ್ಲಿಗೇ ಮುಗೀತು.

ಆಮೇಲೆ ನಮ್ಮವರಿಗೆ ಇನ್ನೊಂದು ಚಾಳಿ, ಮನೆ ಮಗನ ಹೆಸರಿಗೆ ಬರೆದು ಅದೇ ಮನೇಲಿ ಬಾಡಿಗೆ ಇಲ್ದೆ ಇರೋದು. ಆ ಆಟ ಇಲ್ಲಿ ನಡೆಯಲ್ಲ, ಎಷ್ಟೇ ವರ್ಷ ಆದ್ರೂ ಅದು ಅಪ್ಪನ ಆಸ್ತಿ ಅಂತಲೇ ಹಿಡೀತಾರೆ.

ಮನೆ ತಗೋ, ಟ್ಯಾಕ್ಸಿಗೆ ಹೆದರಿ ನಿಲ್ಲಿಸ್ಬೇಡ. ತಗೊಂಡ ತಕ್ಷಣ ವಿಲ್ ಬರೆಸು, ನಿಮಗಿಬ್ಬರಿಗೂ ಏನಾದ್ರೂ ಆದ್ರೆ ಮಗು ಯಾರ ಹತ್ರ ಇರ್ಬೇಕು ಅನ್ನೋದನ್ನೂ ಅದರಲ್ಲಿ ಹಾಕ್ಸು. ಇಲ್ಲಿ ವಿಲ್ ಇಲ್ಲದಿದ್ರೆ ಎಲ್ಲಾ ಹೆಂಡ್ತಿಗೇ ಹೋಗುತ್ತೆ ಅಂದ್ಕೊಂಡಿದ್ರೆ ತಪ್ಪು, ಇಂಗ್ಲೆಂಡಲ್ಲಿ ಮಕ್ಕಳಿದ್ರೆ ಒಂದು ಮಟ್ಟದ ಮೇಲಿನದ್ದು ಅರ್ಧ ಮಕ್ಕಳಿಗೆ. ಊರಿನ ಆಸ್ತಿಗೆ ಬೇರೆ ವಿಲ್ ಮಾಡೋದಾದ್ರೆ ಎರಡೂ ಕಡೆ ಲಾಯರಿಗೆ ಹೇಳು, ಯಾಕಂದ್ರೆ "ಹಿಂದಿನ ಎಲ್ಲ ವಿಲ್ ರದ್ದು" ಅನ್ನೋ ಸಾಲು ಮಾಮೂಲಾಗಿ ಸೇರ್ಕೊಂಡಿರುತ್ತೆ, ಎರಡನೇದು ಮೊದಲನೇದನ್ನ ನುಂಗಿಬಿಡುತ್ತೆ. ಟರ್ಮ್ ಇನ್ಶೂರೆನ್ಸ್ ಮಾಡಿಸಿದ್ರೆ ಟ್ರಸ್ಟಲ್ಲಿ ಹಾಕ್ಸು, ಫಾರ್ಮ್ ಅವರೇ ಕೊಡ್ತಾರೆ, ಆ ದುಡ್ಡು ಆಸ್ತಿ ಲೆಕ್ಕಕ್ಕೆ ಸೇರಲ್ಲ, ಕೈಗೂ ಬೇಗ ಬರುತ್ತೆ. 2027ರ ಏಪ್ರಿಲ್‌ನಿಂದ ಬಳಸದೆ ಉಳಿದ ಪೆನ್ಷನ್ ದುಡ್ಡನ್ನೂ ಬಹುಪಾಲು ಆಸ್ತಿಗೆ ಸೇರಿಸ್ತಾರೆ, ನಿನಗೆ ಅದು ದೂರದ ಮಾತು. ನೀನು ಇಲ್ಲಿಗೆ ಬಂದ ತಾರೀಖು, ಪ್ರತಿ ವರ್ಷದ ಪಿ60 (ಸಂಬಳ, ಹಿಡಿದ ಟ್ಯಾಕ್ಸ್ ತೋರಿಸಿ ಕಂಪನಿ ಕೊಡೋ ಕಾಗದ) ಒಂದು ಫೈಲಲ್ಲಿ ಇಟ್ಕೋ, ಹತ್ತು ವರ್ಷದ ಲೆಕ್ಕ ಕೇಳಿದಾಗ ಅದೇ ಬೇಕಾಗೋದು.