ಆಟಗಾರರ ತರಬೇತಿಯ ರೀತಿ ಆಫೀಸಿಗೆ ಹೊಂದುತ್ತದೆಯೇ?

ಐದು ವರ್ಷದಿಂದ ಪ್ರೆಸೆಂಟೇಶನ್ ಕೊಡುತ್ತಿದ್ದರೂ ಸುಧಾರಣೆ ಕಾಣುತ್ತಿಲ್ಲ, ಆಟಗಾರರ ಹಾಗೆ ತರಬೇತಿ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಕೊಳ್ಳಬಹುದು. ಆದರೆ ದೊಡ್ಡ ಆಟಗಾರರ ಹೆಚ್ಚಿನ ಸಮಯ ಅಭ್ಯಾಸಕ್ಕೇ ಹೋಗುತ್ತದೆ, ಪಂದ್ಯಕ್ಕೆ ಸ್ವಲ್ಪವೇ. ನಮ್ಮದು ಉಲ್ಟಾ. ಬೆಳಗ್ಗೆಯಿಂದ ಸಂಜೆವರೆಗೂ ಬರೀ ಪಂದ್ಯ, ನೆಟ್ಸ್ ಅಭ್ಯಾಸ ಅನ್ನುವುದೇ ಇಲ್ಲ. ನೀವು ಇದ್ದಲ್ಲೇ ಇರುವುದಕ್ಕೆ ಮುಖ್ಯ ಕಾರಣ ಇದೇ ಅನ್ನಿಸುತ್ತದೆ.

ಹಾಗಾಗಿ ಇಡೀ ಪ್ರೆಸೆಂಟೇಶನ್ ಸುಮ್ನೆ ಮತ್ತೆ ಮತ್ತೆ ಹೇಳಬೇಡಿ. ಮೊದಲ ಎರಡು ನಿಮಿಷ ಮಾತ್ರ ತಗೊಳ್ಳಿ. ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿ. ಎಲ್ಲಿ ತಡವರಿಸುತ್ತೀರಿ, ಯಾವಾಗ ಸ್ಲೈಡ್ ಕಡೆ ತಿರುಗಿ ಓದುತ್ತೀರಿ ಅಂತ ಗೊತ್ತಾಗುತ್ತದೆ. ಒಂದೇ ತಪ್ಪು ಹಿಡಿಯಿರಿ, ತಿದ್ದಿ, ಮತ್ತೆ ವಿಡಿಯೋ ಮಾಡಿ. ಸಹೋದ್ಯೋಗಿಯನ್ನು "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಾರೆ, ಅಷ್ಟೇ. "ಎಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯಿತು?" ಅಂತ ಕೇಳಿ. ಆಗ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. 2004ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿದೆ ಅಲ್ವಾ? ಆ ಸರಣಿಯಲ್ಲಿ ಸಚಿನ್ ತೆಂಡೂಲ್ಕರ್ ಆಫ್ ಸ್ಟಂಪಿನ ಹೊರಗಿನ ಚೆಂಡಿಗೆ ವಿಕೆಟ್ ಕೊಡುತ್ತಿದ್ದರು. ಸಿಡ್ನಿಯಲ್ಲಿ ಅಂಥ ಚೆಂಡಿಗೆ ಆಡುವ ತಮ್ಮ ಪ್ರೀತಿಯ ಹೊಡೆತ ಕವರ್ ಡ್ರೈವನ್ನೇ ಪಕ್ಕಕ್ಕಿಟ್ಟರು. ಔಟಾಗದೆ 241 ಹೊಡೆದರು. ಹೊಸದು ಕಲಿಯುವುದಕ್ಕಿಂತ ಒಂದನ್ನು ಬಿಡುವುದೇ ಕೆಲವೊಮ್ಮೆ ಜಾಸ್ತಿ ಫಲ ಕೊಡುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರುಮಾಡುವ ಅಭ್ಯಾಸ ಇದ್ದರೆ, ಒಂದು ತಿಂಗಳು ಅದನ್ನಷ್ಟೇ ಬಿಟ್ಟು ನೋಡಿ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಬೆಳಗ್ಗೆ ಮಾಡಿ. ಸುಸ್ತಾದ ಮೇಲೆ ಮಾಡಿದರೆ ತಪ್ಪೇ ರೂಢಿಯಾಗುತ್ತದೆ.