ಕೇಳಿ ಹೇಳ್ತೀವಿ: ಟಾರಾಂಟುಲಾಗೆ ಜೀವಂತ ಹುಳ ಹಾಕೋ ಮುಂಚೆ

ಈ ಸಲದ ಪತ್ರಗಳಲ್ಲಿ ನಾಯಿ ಬೆಕ್ಕು ಬಿಟ್ರೆ ಜಾಸ್ತಿ ಬಂದಿರೋದು ಟಾರಾಂಟುಲಾ ಬಗ್ಗೆ, ಅದೇ ಮೈತುಂಬಾ ರೋಮ ಇರೋ ದಪ್ಪ ಜೇಡ. ಅದರಲ್ಲೂ ಮುಕ್ಕಾಲು ಪಾಲು ಊಟದ ಪ್ರಶ್ನೆಗಳೇ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮಗ ಹಾಸ್ಟೆಲ್‌ಗೆ ಹೋಗೋವಾಗ ಅವನ ಕರ್ಲಿ ಹೇರ್ ಟಾರಾಂಟುಲಾನ ನನಗೆ ಒಪ್ಪಿಸಿ ಹೋದ. ಮೂರು ವಾರದಿಂದ ಅದು ಏನೂ ತಿಂತಿಲ್ಲ. ಹಸಿವಾದಾಗ ತಿನ್ಲಿ ಅಂತ ಎರಡು ಕ್ರಿಕೆಟ್ ಹುಳ (ರಾತ್ರಿ ಕಿರ್ ಅನ್ನೋ ಮಿಡತೆ ತರದ್ದು) ಒಳಗೇ ಬಿಟ್ಟಿದೀನಿ, ಅವು ಇದರ ಮೈಮೇಲೇ ಹತ್ತಿ ಓಡಾಡ್ತಿವೆ, ಇದು ಸುಮ್ನೆ ಕೂತಿರತ್ತೆ. ಉಪವಾಸ ಇದ್ದು ಸತ್ತುಹೋಗತ್ತಾ? ಮಗನಿಗೆ ಏನು ಹೇಳ್ಲಿ? (ಓದುಗರು, ಬೆಂಗಳೂರು)

ಉತ್ತರ: ಮೊದಲು ಆ ಎರಡು ಹುಳ ಹೊರಗೆ ತೆಗೀರಿ, ಆಮೇಲೆ ಮುಂದೆ ಓದಿ.

ತೆಗೆದ್ರಾ? ಈಗ ಕೇಳಿ. ಮೂರು ವಾರ ತಿನ್ನದೇ ಇರೋದು ಟಾರಾಂಟುಲಾಗೆ ಏನೇನೂ ಅಲ್ಲ. ಬೆಳೆದ ಜೇಡ ತಿಂಗಳುಗಟ್ಟಲೆ ತಿನ್ನದೆ ಆರಾಮಾಗಿ ಇರತ್ತೆ, ಚಿಲಿಯನ್ ರೋಸ್ ಅನ್ನೋ ಜಾತಿಯಂತೂ ಇದಕ್ಕೇ ಹೆಸರುವಾಸಿ, ಸಾಕಿದವರ ತಾಳ್ಮೆ ಪರೀಕ್ಷೆ ಮಾಡೋದೇ ಅದರ ಕೆಲಸ ಅನ್ನಿಸಿಬಿಡತ್ತೆ. ಉಪವಾಸಕ್ಕಿಂತ ನೀವು ಹೆದರಬೇಕಾಗಿರೋದು ಒಳಗೆ ಓಡಾಡ್ತಿರೋ ಆ ಕ್ರಿಕೆಟ್‌ಗೆ.

ಯಾಕಂದ್ರೆ ಊಟ ಬಿಡೋದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಪೊರೆ ಬಿಡೋ ಸಮಯ ಹತ್ತಿರ ಬಂದಿರೋದು. ಹೊಟ್ಟೆ ಭಾಗ ಉಬ್ಬಿ ಹೊಳಪಾಗಿದೆಯಾ, ರೋಮ ಉದುರಿ ಬೋಳಾಗಿರೋ ಜಾಗದ ಚರ್ಮ ಕಪ್ಪಗಾಗಿದೆಯಾ, ಓಡಾಟ ಕಮ್ಮಿಯಾಗಿದೆಯಾ ನೋಡಿ. ಹೌದು ಅಂದ್ರೆ ಒಂದು ದಿನ ಅದು ಬೆನ್ನಡಿ ಮಾಡಿ, ಕಾಲು ಮೇಲೆತ್ತಿ ಮಲಗತ್ತೆ. ಸತ್ತೇಹೋಯ್ತು ಅಂತ ಎಷ್ಟೋ ಜನ ಎತ್ತಿ ಬಿಸಾಕಿದಾರೆ! ಅದು ಪೊರೆ ಬಿಡೋ ಭಂಗಿ ಅಷ್ಟೆ, ಗಂಟೆಗಟ್ಟಲೆ ಹಾಗೇ ಇರಬಹುದು, ಮುಟ್ಟಬೇಡಿ, ಸರಿ ಮಾಡ್ತೀನಿ ಅಂತ ತಿರುಗಿಸಬೇಡಿ, ಮೇಲೆ ನೀರು ಸಿಂಪಡಿಸಬೇಡಿ. ಸಾಯ್ತಿರೋ ಜೇಡ ಸಾಮಾನ್ಯವಾಗಿ ನೆಟ್ಟಗೇ ಇದ್ದು ಕಾಲೆಲ್ಲ ಹೊಟ್ಟೆ ಕೆಳಗೆ ಮಡಚಿಕೊಳ್ಳತ್ತೆ.

ಆ ಗಂಟೆಗಳಲ್ಲಿ ಅದರ ಮೈ ಬೆಣ್ಣೆಯಷ್ಟು ಮೆತ್ತಗಿರತ್ತೆ, ಕೋರೆಹಲ್ಲು ಬೆಳ್ಳಗೆ, ಕಚ್ಚೋ ಶಕ್ತಿ ಸೊನ್ನೆ. ಕ್ರಿಕೆಟ್ ಹುಳಕ್ಕೆ ತವುಡೂ ಒಂದೇ, ಕ್ಯಾರೆಟ್ಟೂ ಒಂದೇ, ತನ್ನ ಜೊತೆಗಿನ ಸತ್ತ ಹುಳಾನೂ ಒಂದೇ. ಹಸಿವು ಬಾಯಾರಿಕೆಯಲ್ಲಿ ಇರೋ ಅದು ಎದುರಿಗೆ ಸಿಕ್ಕಿದ ಮೆತ್ತಗಿನ ಕಾಲ ಗೆಣ್ಣನ್ನೋ ಹೊಟ್ಟೇನೋ ಕೊರೆಯೋಕೆ ಶುರು ಮಾಡತ್ತೆ. ಜೇಡ ಕಾಲು ಚಾಚೋದು ಮೈಯೊಳಗಿನ ದ್ರವದ ಒತ್ತಡದಿಂದ, ಹಾಗಾಗಿ ಒಂದು ಸಣ್ಣ ತೂತಾಗಿ ಆ ದ್ರವ ಸೋರಿದ್ರೂ ನಡೆಯೋಕಾಗಲ್ಲ, ಬಹಳ ಸಲ ಜೀವಕ್ಕೇ ಕುತ್ತು. ಮೀಲ್‌ವರ್ಮ್ (ಊಟಕ್ಕೆ ಅಂತ ಮಾರೋ ದುಂಬಿಯ ಮರಿಹುಳ) ಇನ್ನೂ ಕಳ್ಳ. ತಿನ್ನದೆ ಬಿಟ್ರೆ ತಳಕ್ಕೆ ಹಾಸಿರೋ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಳಗೆ ಇಳಿದು ಅಲ್ಲೇ ಬೆಳೆದು ದುಂಬಿ ಆಗತ್ತೆ, ಯಾವತ್ತೋ ಬೇಡದ ದಿನ ಮೇಲೆ ಬರತ್ತೆ. ಅದನ್ನ ಹಾಕೋದಾದ್ರೆ ತಲೆ ಜಜ್ಜಿ ಹಾಕಿ, ಕೇಳೋಕೆ ಕ್ರೂರ ಅನ್ಸತ್ತೆ, ಗೊತ್ತು.

ಹಾಗಾಗಿ ನಿಯಮ ಒಂದೇ, ಹಾಕಿದ ಹುಳ 24 ಗಂಟೆಯೊಳಗೆ ತಿಂದಿಲ್ಲ ಅಂದ್ರೆ ಹೊರಗೆ. ಪೊರೆ ಬಿಡೋ ಲಕ್ಷಣ ಕಂಡ್ರೆ ಹುಳ ಹಾಕೋದನ್ನೇ ನಿಲ್ಲಿಸಿ, ನೀರಿನ ಬಟ್ಟಲು ಮಾತ್ರ ಯಾವಾಗಲೂ ತುಂಬಿರಲಿ. ಪೊರೆ ಬಿಟ್ಟ ಮೇಲೆ ಹಲ್ಲಿನ ಬಣ್ಣ ಬಿಳಿಯಿಂದ ಕೆಂಪಾಗಿ ಪೂರ್ತಿ ಕಪ್ಪಾಗೋವರೆಗೂ ಕಾಯಿರಿ, ಬೆಳೆದ ಜೇಡಕ್ಕೆ 10ರಿಂದ 14 ದಿನ, ಮರಿಗಾದ್ರೆ ಒಂದು ವಾರದೊಳಗೆ ಆಗತ್ತೆ. ಮಗನಿಗೆ ಹೇಳಿ, ಅಮ್ಮ ಚೆನ್ನಾಗಿ ನೋಡ್ಕೋತಿದಾಳೆ, ಪರೀಕ್ಷೆ ಬರಿ ಅಂತ.

ಪ್ರಶ್ನೆ: ಸರ್, ಪೇಟ್ಯಾಗ ಹುಳಾ ತುಟ್ಟಿ. ನಮ್ಮ ಹೊಲದಾಗ ಮಿಡಚಿ ಭಾಳ ಅದಾವ, ಈ ಸಲ ನಾವು ಎಣ್ಣಿ ಹೊಡದಿಲ್ಲ. ಮನ್ಯಾಗ ಜೊಂಡಿಗ್ಯಾನೂ ಅದಾವ. ಅವನ್ನ ಹಿಡದು ಹಾಕಿದ್ರ ನಡೀತದೇನ್ರಿ? (ಓದುಗರು, ಹುಬ್ಬಳ್ಳಿ)

ಉತ್ತರ: ನಡೆಯಲ್ಲ ರೀ. ನೀವು ಹೊಡೆದಿಲ್ಲ ಸರಿ, ಬದುವಿನ ಆಚೆ ಪಕ್ಕದವರು? ಮಿಡಚಿಗೆ ನಿಮ್ಮ ಸರ್ವೇ ನಂಬರ್ ಗೊತ್ತಿಲ್ಲ, ಬೆಳಿಗ್ಗೆ ಅವರ ಹತ್ತಿ ತಿಂದು ಸಂಜೆ ನಿಮ್ಮ ಹೊಲಕ್ಕೆ ಬರತ್ತೆ. ಹತ್ತಿ, ಮೆಣಸಿನಕಾಯಿಗೆ ಹೊಡೆಯೋ ಇಮಿಡಾಕ್ಲೋಪ್ರಿಡ್ ತರದ್ದು ಕೀಟದ ನರಕ್ಕೆ ಬೀಳೋ ವಿಷ, ಹುಳ ಇನ್ನೂ ಸತ್ತಿಲ್ಲ, ಕುಪ್ಪಳಿಸ್ತಿದೆ ಅಂದ ಮಾತ್ರಕ್ಕೆ ಅದರ ಮೈಯಲ್ಲಿ ವಿಷ ಇಲ್ಲ ಅಂತ ಅಲ್ಲ.

ಮನೆ ಜೊಂಡಿಗ, ಅಂದ್ರೆ ಜಿರಳೆ, ಇನ್ನೂ ಕೆಟ್ಟದ್ದು. ಸಿಂಕ್ ಮೂಲೆಗೆ, ಕಪಾಟಿನ ಸಂದಿಗೆ ಚುಕ್ಕಿ ಚುಕ್ಕಿ ಇಡ್ತಾರಲ್ಲ ಜೆಲ್, ಅದರಲ್ಲಿ ಸಾಮಾನ್ಯವಾಗಿ ಫಿಪ್ರೊನಿಲ್ ಅನ್ನೋ ಕೀಟನಾಶಕ ಇರತ್ತೆ. ಅದನ್ನ ಮಾಡಿರೋದೇ ನಿಧಾನಕ್ಕೆ ಕೊಲ್ಲೋ ಹಾಗೆ, ತಿಂದ ಜೊಂಡಿಗ ತನ್ನ ಗೂಡಿಗೆ ಹೋಗಿ ಸಾಯಬೇಕು, ಅದರ ಹಿಕ್ಕೆ, ಹೆಣ ತಿಂದ ಉಳಿದವೂ ಸಾಯಬೇಕು. ಆ ಸಾಲಿನಲ್ಲಿ ನಿಮ್ಮ ಜೇಡಾನೂ ನಿಲ್ಲಬೇಕಾ? ವಿಷ ಹತ್ತಿದ ಜೇಡ ನಡುಗತ್ತೆ, ಕಾಲು ಎಲ್ಲೆಲ್ಲೋ ಹಾಕಿ ಕುಡಿದವರ ಹಾಗೆ ನಡೆಯತ್ತೆ, ಆಮೇಲೆ ಮಾಡೋಕೆ ನಮ್ಮ ಕೈಲಿ ಏನೂ ಇರಲ್ಲ.

ವಿಷ ಇಲ್ಲದ ಕಾಡಿನ ಹುಳ ಆದ್ರೂ ಒಳಗೆ ಪರಾವಲಂಬಿ ಇರಬಹುದು, ಮಿಡಚಿ, ಕ್ರಿಕೆಟ್ ಹೊಟ್ಟೆಯಿಂದ ಉದ್ದನೆ ದಾರದಂಥ ಹುಳ ಹೊರಗೆ ಬರೋದನ್ನ ಹಳ್ಳಿಯಲ್ಲಿ ಇದ್ದವರು ನೋಡಿರ್ತೀರಿ. ಶತಪದಿ, ಕಣಜ, ಇರುವೆ ಇವನ್ನಂತೂ ಹಾಕಲೇಬೇಡಿ, ಯಾರು ಯಾರನ್ನ ತಿಂತಾರೆ ಹೇಳೋಕಾಗಲ್ಲ. ದುಡ್ಡು ಉಳಿಸಬೇಕಾ, ಹುಳ ನೀವೇ ಸಾಕಿ, ಕೆಳಗೆ ಮೈಸೂರಿನವರಿಗೆ ಕೊಟ್ಟಿರೋ ಉತ್ತರ ನೋಡಿ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಜೇಡ ಇಟ್ಕೋ, ಆದ್ರೆ ಜೀವ ತೆಗೆಯೋದು ಬೇಡ, ಪನೀರೋ ನೆನೆಸಿದ ಕಡಲೆಯೋ ಹಾಕು ಅಂತಾರೆ ಅಜ್ಜಿ. ಆಗತ್ತಾ? (ಓದುಗರು, ಉಡುಪಿ)

ಉತ್ತರ: ಅಜ್ಜಿಗೆ ನಮಸ್ಕಾರ ಹೇಳಿ, ಆಗಲ್ಲ ಅಂತಾನೂ ಹೇಳಿ. ಟಾರಾಂಟುಲಾ ನಮ್ಮ ಹಾಗೆ ಅಗಿದು ನುಂಗಲ್ಲ, ಹಿಡಿದದ್ದರ ಮೇಲೆ ಜೀರ್ಣರಸ ಬಿಟ್ಟು, ಕರಗಿದ ಮಾಂಸ ಹೀರತ್ತೆ. ಪನೀರ್ ಬೂಸ್ಟು ಹಿಡಿದು ಪೆಟ್ಟಿಗೆ ಪೂರ್ತಿ ಸಣ್ಣ ನೊಣ ಆಗತ್ತೆ ಅಷ್ಟೆ. ಮಧ್ಯದ ದಾರಿ ಒಂದಿದೆ, ಮೊದಲೇ ಸತ್ತ ಹುಳ, ಅಂದ್ರೆ ಫ್ರೀಜರ್‌ನಲ್ಲಿಟ್ಟು ಆಮೇಲೆ ಹೊರಗೆ ತೆಗೆದು ತಣ್ಣಗಿರೋದು ಪೂರ್ತಿ ಹೋಗೋವರೆಗೂ ಬಿಟ್ಟ ಕ್ರಿಕೆಟ್. ಜೇಡಕ್ಕೆ ಕಣ್ಣು ಮಂದ, ನೆಲದ ಕಂಪನದಿಂದಲೇ ಬೇಟೆ ಗೊತ್ತಾಗೋದು, ಅದಕ್ಕೆ ಚಿಮಟದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ್ರೆ ಕೆಲವು ಹಿಡ್ಕೋತವೆ, ಕೆಲವು ತಿರುಗೀನೂ ನೋಡಲ್ಲ. ಮನೆಯಲ್ಲಿ ಇದಕ್ಕೂ ಒಪ್ಪಿಗೆ ಇಲ್ಲ ಅಂದ್ರೆ ಜೇಡ ತರೋದೇ ಬೇಡ, ಅದನ್ನ ಉಪವಾಸ ಕೆಡವಿ ಪುಣ್ಯ ಕಟ್ಟಿಕೊಂಡ ಹಾಗಾಗಲ್ಲ. ತಿನ್ನೋದು ಹೆಚ್ಚೇನಿಲ್ಲ, ಬೆಳೆದದ್ದಕ್ಕೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ದೊಡ್ಡ ಕ್ರಿಕೆಟ್ ಸಾಕು.

ಪ್ರಶ್ನೆ: ಕ್ರಿಕೆಟ್ ಹುಳ ತಂದ್ರೆ ಎರಡೇ ದಿನಕ್ಕೆ ಅರ್ಧ ಸಾಯ್ತವೆ, ಉಳಿದವು ರಾತ್ರಿಯಿಡೀ ಕಿರುಚ್ತವೆ, ವಾಸನೆ ಬೇರೆ. ಮನೆ ಓನರ್ ಗರಂ ಆಗಿದಾರೆ. (ಓದುಗರು, ಮೈಸೂರು)

ಉತ್ತರ: ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟಿರ್ತೀರಿ, ಒಳಗೆ ಬೆವರು ಹಿಡಿದು ಸಾಯ್ತವೆ. ದೊಡ್ಡ ಡಬ್ಬ, ಮುಚ್ಚಳದಲ್ಲಿ ಅಗಲವಾಗಿ ಕತ್ತರಿಸಿ ಲೋಹದ ಜಾಲರಿ (ಪ್ಲಾಸ್ಟಿಕ್ ಜಾಲರಿ ಕೊರೆದು ಆಚೆ ಬರ್ತವೆ), ಒಳಗೆ ರಟ್ಟಿನ ಮೊಟ್ಟೆ ಟ್ರೇ ನಿಲ್ಲಿಸಿ, ಗೋಧಿ ತವುಡು, ಒಂದೆರಡು ತುಂಡು ಕ್ಯಾರೆಟ್. ಬಟ್ಟಲಲ್ಲಿ ನೀರಿಟ್ರೆ ಮುಳುಗಿ ಸಾಯ್ತವೆ, ಕ್ಯಾರೆಟ್ಟಿನ ನೀರೇ ಸಾಕು. ಸತ್ತದ್ದನ್ನ ದಿನಾ ತೆಗೀರಿ, ವಾಸನೆ ಬರೋದು ಅದರಿಂದಲೇ. ತರಕಾರಿ ಚೆನ್ನಾಗಿ ತೊಳೆದು ಸಿಪ್ಪೆ ಹೆರೆದು ಹಾಕಿ, ಔಷಧಿ ಹೊಡೆದ ಸೊಪ್ಪು ಕ್ರಿಕೆಟ್ ಮೂಲಕ ಜೇಡಕ್ಕೇ ಹೋಗತ್ತೆ. ಸಾಕಿದ ಹಲ್ಲಿಗಳಿಗೆ ಹಾಕೋ ಹಾಗೆ ಕ್ಯಾಲ್ಸಿಯಂ ಪುಡಿ ಉದುರಿಸೋದು ಬೇಕಿಲ್ಲ, ಜೇಡಕ್ಕೆ ಮೂಳೆ ಎಲ್ಲಿದೆ?

ಕಿರುಚೋದು ಗಂಡು ಮಾತ್ರ, ಅದೂ ರೆಕ್ಕೆ ಬಂದ ಮೇಲೆ. ರೆಕ್ಕೆ ಬರದ ಮರಿ ಹುಳ ಕೇಳಿ ತನ್ನಿ. ಅದೂ ಬೇಡ ಅಂದ್ರೆ ಡೂಬಿಯಾ ಜಿರಳೆ, ಸದ್ದಿಲ್ಲ, ವಾಸನೆ ಕಮ್ಮಿ, ನುಣುಪು ಗೋಡೆ ಹತ್ತಲ್ಲ. ಓನರ್‌ಗೆ ಜಿರಳೆ ಸಾಕ್ತಿದೀನಿ ಅಂತ ಹೇಗೆ ಹೇಳ್ತೀರೋ ಅದು ನಿಮಗೆ ಬಿಟ್ಟಿದ್ದು.

ಪ್ರಶ್ನೆ: ಕಿರುಬೆರಳಿನ ಉಗುರಿನಷ್ಟು ಮರಿ ತಂದಿದ್ದೇನೆ ಮಾರಾಯ್ರೆ, ಇದಕ್ಕೆ ಎಂಥದು ಹಾಕುವುದು? (ಓದುಗರು, ಮಂಗಳೂರು)

ಉತ್ತರ: ಮೀಲ್‌ವರ್ಮ್ ತುಂಡು ಮಾಡಿ ಸಣ್ಣ ಚೂರು, ಇಲ್ಲಾಂದ್ರೆ ಕ್ರಿಕೆಟ್ಟಿನ ತೊಡೆ. ಮರಿಗಳು ಸತ್ತದ್ದನ್ನೂ ಹುಡುಕಿ ತಿಂತವೆ. ವಾರಕ್ಕೆ ಎರಡು ಸಲ, ಉಳಿದದ್ದು ಮಾರನೇ ದಿನ ತೆಗೀಬೇಕು, ನಿಮ್ಮ ಊರಿನ ತೇವಕ್ಕೆ ಬೂಸ್ಟು ಬೇಗ ಬರತ್ತೆ. ಜೀವಂತ ಹಾಕೋ ಕಾಲಕ್ಕೆ ಹುಳದ ಉದ್ದ ಜೇಡದ ಹೊಟ್ಟೆಗಿಂತ ಜಾಸ್ತಿ ಇರಬಾರದು.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಮೆಕ್ಸಿಕನ್ ರೆಡ್ ನೀ ಟಾರಾಂಟುಲಾಗೆ ತಾನೇ ಟಾಂಗ್ಸ್‌ನಲ್ಲಿ ತಿನ್ನಿಸ್ತೀನಿ ಅಂತ ಹಟ ಮಾಡ್ತಾಳೆ. ಬಿಡಬಹುದಾ? (ಓದುಗರು, ನ್ಯೂಜೆರ್ಸಿ)

ಉತ್ತರ: ಹುಳ ಎಣಿಸೋಕೆ, ದಿನಾಂಕ ಬರೆಯೋಕೆ ಬಿಡಿ, ಮುಚ್ಚಳ ತೆಗೆಯೋದು ನೀವು. ಅಮೆರಿಕ ಖಂಡಗಳ ಬಹಳಷ್ಟು ಜಾತಿಗಳು, ರೆಡ್ ನೀ ಕೂಡ, ಗಾಬರಿಯಾದ್ರೆ ಹಿಂಗಾಲಿನಿಂದ ಹೊಟ್ಟೆಯ ರೋಮ ಕೆರೆದು ಗಾಳಿಗೆ ಹಾರಿಸ್ತವೆ. ಚರ್ಮಕ್ಕೆ ಬಿದ್ರೆ ತುರಿಕೆ, ಕಣ್ಣಿಗೆ ಬಿದ್ರೆ ಡಾಕ್ಟರ್ ಹತ್ರ ಓಡಬೇಕು, ಮಕ್ಕಳು ಮುಖ ಹತ್ರ ತರದೆ ನೋಡೋದೇ ಇಲ್ಲವಲ್ಲ. ಇನ್ನೊಂದು, ಟಾಂಗ್ಸ್ ಇರೋದು ಕೈ ದೂರ ಇಡೋಕೆ. ಹುಳ ಹಿಡಿದು ಬಾಯಿ ಮುಂದೆ ಚಾಚಿದ್ರೆ ಜೇಡ ಹಾರಿ ಲೋಹಾನೇ ಕಚ್ಚತ್ತೆ, ಹಲ್ಲು ಮುರೀಬಹುದು. ಒಂದು ಅಡಿ ಉದ್ದದ್ದು, ತುದಿಗೆ ರಬ್ಬರ್ ಇರೋದು ತಗೊಂಡು ಹುಳಾನ ಸ್ವಲ್ಪ ದೂರ ಬಿಟ್ಟು ಮುಚ್ಚಳ ಹಾಕಿ, ಗಾಜಿನ ಈಚೆಯಿಂದ ಇಬ್ಬರೂ ನೋಡಿ. ಪ್ರೀತಿ ಜಾಸ್ತಿಯಾಗಿ ದಿನಾ ತಿನ್ನಿಸೋದೂ ಬೇಡ, ಉಬ್ಬಿದ ಹೊಟ್ಟೆ ಸಣ್ಣ ಎತ್ತರದಿಂದ ಬಿದ್ರೂ ಒಡೆಯತ್ತೆ.

ಪ್ರಶ್ನೆ: ತೋಟದ ರಸ್ತೆ ಪಕ್ಕದ ಮಣ್ಣಿನ ದಿಬ್ಬದಲ್ಲಿ ಬಿಲ ಮಾಡ್ಕೊಂಡು ಅಂಗೈಯಗಲ ಜೇಡ ಇದೆ. ಹಿಡಿದು ಸಾಕಬಹುದಾ, ಏನು ತಿನ್ನಿಸ್ಬೇಕು? (ಓದುಗರು, ತೀರ್ಥಹಳ್ಳಿ)

ಉತ್ತರ: ಏನೂ ತಿನ್ನಿಸ್ಬೇಡಿ, ಅದು ನಿಮ್ಮ ತೋಟದ ಹುಳ ತಿಂದ್ಕೊಂಡು ಚೆನ್ನಾಗೇ ಇದೆ. ಥ್ರಿಗ್ಮೋಪಿಯಸ್ ಅನ್ನೋ ಗುಂಪು ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ, ಇಂಥ ದಿಬ್ಬಗಳಲ್ಲೇ ಬಿಲ ತೋಡೋದು, ನೀವು ನೋಡಿದ್ದು ಅದೇ ಇರಬಹುದು. ಮರದ ಪೊಟರೆಯಲ್ಲಿ ಇರೋ ಪೊಯೆಸಿಲೊಥೀರಿಯಾ ಗುಂಪು 2019ರಿಂದ ಸೈಟಿಸ್ ಅನ್ನೋ, ಅಪಾಯದಲ್ಲಿರೋ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಅದು ಕಚ್ಚಿದ್ರೆ ದಿನಗಟ್ಟಲೆ ಸ್ನಾಯು ಹಿಡ್ಕೊಳ್ಳತ್ತೆ. ಅಂದಹಾಗೆ ಅಂಗಡಿಯಿಂದ ರೆಡ್ ನೀ ತಂದವರಿಗೂ ಒಂದು ಮಾತು, ಅದೂ ಸೈಟಿಸ್ ಪಟ್ಟಿಯದ್ದೇ, 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಆದ ಮೇಲೆ ಇಂಥವನ್ನ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಿಲ್ ಕೇಳಿ ಇಟ್ಕೊಳ್ಳಿ.

ಪ್ರಶ್ನೆ: ವಿಡಿಯೋದಲ್ಲಿ ಇಲಿಮರಿ ಹಾಕ್ತಾರಲ್ಲ, ನಾವೂ ಹಾಕಬಹುದಾ? (ಓದುಗರು, ದಾವಣಗೆರೆ)

ಉತ್ತರ: ಬೇಡ. ಕ್ರಿಕೆಟ್‌ನಲ್ಲಿ ಸಿಗದೇ ಇರೋದು ಇಲಿಯಲ್ಲಿ ಏನೂ ಇಲ್ಲ. ಅರ್ಧ ತಿಂದು ಬಿಟ್ಟದ್ದು ಒಂದೇ ದಿನಕ್ಕೆ ಕೊಳೆತು ನಾರತ್ತೆ, ಹಲ್ಲಿರೋ ಇಲಿ ಆದ್ರೆ ತಿರುಗಿ ಕಚ್ಚತ್ತೆ. ಆ ವಿಡಿಯೋ ಮಾಡೋದು ಜೇಡಕ್ಕೋಸ್ಕರ ಅಲ್ಲ, ವ್ಯೂಸ್‌ಗೋಸ್ಕರ.