ಡಿಎನ್‌ಎ ವರದಿಯಲ್ಲಿ ಮಗಳ ಸೃಜನಶೀಲತೆ ‘ಕಡಿಮೆ’ ಎಂದಿರುವ ಬಗ್ಗೆ

ತೀರ್ಥಹಳ್ಳಿಯಲ್ಲಿ ಹತ್ತನೇ ತರಗತಿ ಓದುತ್ತಿರುವ ನಿಮ್ಮ ಮಗಳ ಎಂಜಲಿನ ಡಿಎನ್‌ಎ ಪರೀಕ್ಷೆಯಲ್ಲಿ ಸೃಜನಶೀಲತೆ ‘ಕಡಿಮೆ’ ಎಂದು ಬಂದಿರುವುದಕ್ಕೆ ಕಾರಣ, ಬಹುಶಃ, ಮೆದುಳಿನ ಡೋಪಮಿನ್ ಎಂಬ ರಾಸಾಯನಿಕದ ವಿಭಜನೆಗೆ ಸಂಬಂಧಿಸಿದ ಸಿಒಎಂಟಿಯಂತಹ ಒಂದೆರಡು ಜೀನ್‌ಗಳನ್ನಷ್ಟೇ ನೋಡಿ ಅಂಕ ಕೊಟ್ಟಿರುವುದು. ನನ್ನ ಮಗನ ವರದಿಯೂ ಹೀಗೆಯೇ ಇತ್ತು. ಮೊದಲು ವರದಿಯಲ್ಲಿ ಯಾವ ಯಾವ ಜೀನ್‌ಗಳ ಹೆಸರಿದೆ ಎಂದು ನೋಡಿ. ಹೊಸ ದಾರಿ ಹುಡುಕಿ ಸಮಸ್ಯೆ ಬಿಡಿಸುವ ಶಕ್ತಿಯಲ್ಲಿ ಅನೇಕಾನೇಕ ಜೀನ್‌ಗಳ ಸಣ್ಣ ಸಣ್ಣ ಪ್ರಭಾವದ ಜೊತೆಗೆ ಮನೆ, ಶಾಲೆ, ಅಭ್ಯಾಸಗಳೂ ಸೇರಿರುವುದರಿಂದ, ಒಂದೆರಡು ಜೀನ್‌ಗಳಿಂದ ಒಂದು ಮಗುವಿನ ಭವಿಷ್ಯ ಹೇಳಲಾಗದು. ಅವಳಿ ಮಕ್ಕಳನ್ನು ಹೋಲಿಸಿದ ಅಧ್ಯಯನಗಳು ಸೃಜನಶೀಲತೆಯಲ್ಲಿ ಆನುವಂಶಿಕತೆಯ ಪಾಲನ್ನು ತೋರಿಸಿರುವುದು ನಿಜ. ಆದರೆ ಆ ಪಾಲು ಒಂದೊಂದು ಅಧ್ಯಯನದಲ್ಲಿ ಒಂದೊಂದು ರೀತಿ ಬಂದಿದೆ, ಮೇಲಾಗಿ ಅದು ಜನಸಮೂಹದೊಳಗಿನ ವ್ಯತ್ಯಾಸದ ಲೆಕ್ಕವೇ ಹೊರತು ನಿಮ್ಮ ಮಗಳ ಅಳತೆಯಲ್ಲ.

ಪಿಯುಸಿಯಲ್ಲಿ ವಿಜ್ಞಾನ ಬೇಡವೆಂದು ಈ ಕಾಗದ ನೋಡಿ ತೀರ್ಮಾನಿಸಬೇಡಿ, ಅದು ಅವಳಿಗೆ ಅನ್ಯಾಯ. ಬದಲಿಗೆ ನಿಜವಾದ ತೊಡಕೊಂದನ್ನು ಅವಳ ಕೈಗೆ ಕೊಡಿ: ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ (ತೊರೆ) ನೀರು ನಿಂತಾಗ, ಪೈಪಿನ ಬಾಯಿಗೆ ತರಗೆಲೆ ಕಟ್ಟಿದೆಯೋ, ಏರಿನಲ್ಲಿ ಗಾಳಿ ಸಿಕ್ಕಿಕೊಂಡಿದೆಯೋ, ಎಲ್ಲಾದರೂ ಜೋಡಣೆ ಕಳಚಿದೆಯೋ ಎಂಬುದನ್ನು ಅವಳೇ ಪತ್ತೆ ಮಾಡಲಿ. ಮೊದಲ ಊಹೆ ತಪ್ಪಿದಾಗ ಎರಡನೆಯದನ್ನು ಹುಡುಕುತ್ತಾಳೆಯೇ ಎಂದು ಗಮನಿಸಿ. ಒಂದೇ ಸಲಕ್ಕೆ ಏನೂ ನಿರ್ಧಾರವಾಗದು, ಆಗಾಗ ಇಂಥ ಅವಕಾಶ ಕೊಡಿ. ಬಳಿಕ ಅವಳ ಇಷ್ಟವನ್ನೂ ಗಣಿತ, ವಿಜ್ಞಾನ ಶಿಕ್ಷಕರ ಅಭಿಪ್ರಾಯವನ್ನೂ ಕೇಳಿ ವಿಷಯ ಆರಿಸಿ.